ಕೋಳಿಗಳು ಕುಡಿದ ಮದ್ದು

ಜೂನ್ ೪

ಸೊಸೆಗೆ ಅತ್ತೆ ಬರೆಯುವುದು.

ಫೋನಿನಲ್ಲಿ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಕೊನೆಗೆ ಮಗುವಿನ ಸುದ್ದಿ ಸರಿಯಾಗಿ ತಿಳಿಯುವುದೇ ಇಲ್ಲ. ಆದ್ದರಿಂದ ಇನ್ನು ಮೇಲೆ ಕಾಗದ ಬರೆ. ನಮ್ಮ ಮೊಟ್ಟೆ ಲಾರಿ ವಾರಕ್ಕೆ ಎರಡು ಸಲ ಆ ಊರಿಗೆ ಹೋಗುತ್ತದೆ. ಡ್ರೈವರ್ ಆಸ್ಪತ್ರೆಯ ಗೇಟಿನಲ್ಲಿ ನಿನ್ನ ಕೈಗೆ ಕೊಟ್ಟು ಉತ್ತರ ಇಸಿದುಕೊಂಡು ಬರುತ್ತಾನೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ, ಅದೊಂದು ಸುಖ.

ನನ್ನ ಮಗ ನಿನ್ನೆ ಹೇಳಿದ್ದು ಕೇಳಿ ಊಟದ ತಟ್ಟೆ ಬಿಟ್ಟು ಎದ್ದೆ. ರಕ್ತದ ಕ್ಯಾನ್ಸರಿಗೆ ಎರಡನೆಯ ಸುತ್ತಿನ ಮದ್ದು ಹಾಕಿದ ಮೇಲೆ ನಮ್ಮ ಕೂಸು ಮೆಣಸಿನ ಮೈಯಲ್ಲಿ ರೋಗ ತಡೆಯುವ ಬಿಳಿ ಕಣಗಳು ಉಳಿದೇ ಇಲ್ಲವಂತೆ. ಅಂಥ ಹೊತ್ತಿನಲ್ಲಿ ಅವಳಿಗೆ ಜ್ವರ. ಆ ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮದ್ದು ಒಂದಿದೆಯಂತೆ, ಅದಕ್ಕೆ ಬೀಗವಂತೆ, ಬೀಗ ತೆಗೆಯಲು ಯಾರೋ ಒಬ್ಬ ಹೆಂಗಸು ಸಹಿ ಹಾಕಬೇಕಂತೆ, ಅವಳು ಹಾಕುವುದಿಲ್ಲ ಎಂದಳಂತೆ. ಒಂಬತ್ತು ವರ್ಷದ ಕೂಸಿಗೆ ಮದ್ದು ಕೊಡುವುದಿಲ್ಲ ಎನ್ನಲು ಅವಳೇನು ತವರಿನಿಂದ ತಂದಿದ್ದಾಳೆಯೇ?

ಅವಳು ಯಾರು, ಯಾರ ಮನೆಯವಳು, ಅವಳ ಮೇಲಿನವರು ಯಾರು, ಎಲ್ಲ ವಿಚಾರಿಸಿ ಬರೆ. ಕೋಳಿ ಸಾಕುವವರ ಸಂಘಕ್ಕೆ ನಾನು ಸುಮ್ಮನೆ ಅಧ್ಯಕ್ಷೆಯಾಗಿಲ್ಲ. ಆ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿ ನಮ್ಮ ಮೊಟ್ಟೆ ಕೊಳ್ಳುವ ಸಾಹುಕಾರನೇ ಕೂತಿದ್ದಾನೆ. ನನ್ನ ಮೊಮ್ಮಗಳ ಮೈ ಬಿಸಿಯಾದಷ್ಟೂ ಅವಳ ಕುರ್ಚಿ ಬಿಸಿಯಾಗುವಂತೆ ಮಾಡುತ್ತೇನೆ.

ಬೇಯಿಸಿ ಕಳಿಸಿದ ಮೊಟ್ಟೆಗಳನ್ನು ಗೇಟಿನಿಂದಲೇ ವಾಪಸು ಕಳಿಸಿದರಂತೆ. ಅದನ್ನೂ ಮರೆಯುವುದಿಲ್ಲ.

ನಿನ್ನ ಅತ್ತೆ


ಜೂನ್ ೮

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮೊದಲು ಒಳ್ಳೆಯ ಸುದ್ದಿ. ಮೆಣಸಿನ ಜ್ವರ ಇಳಿದಿದೆ. ದೊಡ್ಡ ಮದ್ದು ಕೊಡದೆಯೇ ಇಳಿಯಿತು. ನಿನ್ನೆ ಗಂಜಿ ಕುಡಿದಳು, ಕುಡಿಸಿದ ನರ್ಸಿಗೆ ಉಪ್ಪು ಸಾಲದು ಎಂದು ಬೈದಳು. ನಿಮಗೊಂದು ಮಾತು ಹೇಳಲು ಹೇಳಿದ್ದಾಳೆ: "ಅಜ್ಜಿಗೆ ಹೇಳಮ್ಮಾ, ನನ್ನ ತಲೆ ಈಗ ಥೇಟ್ ಮೊಟ್ಟೆ ಥರಾ ಇದೆ. ಡ್ರೈವರ್ ಮಾಮ ಗೊತ್ತಾಗದೆ ಟ್ರೇನಲ್ಲಿ ಇಟ್ಕೊಂಡು ಹೋಗ್ಬಿಟ್ಟಾನು."

ಮೊಟ್ಟೆ ವಾಪಸು ಬಂದದ್ದಕ್ಕೆ ಬೇಸರ ಪಡಬೇಡಿ. ಈ ವಾರ್ಡಿಗೆ ಯಾರ ಮನೆಯ ಊಟವೂ ಬರುವ ಹಾಗಿಲ್ಲ. ನಾನು ಒಳಗೆ ಹೋಗುವಾಗ ಬಟ್ಟೆ ಬದಲಾಯಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಕೈಯೆಲ್ಲ ಬಿರುಕು ಬಿಟ್ಟಿದೆ.

ನೀವು ಕೇಳಿದ ಹೆಂಗಸು ಸೋಂಕಿನ ಡಾಕ್ಟರು. ಸಣ್ಣ ವಯಸ್ಸು, ಬಡಕಲು ಮೈ, ಮಾತು ಕಡಿಮೆ. ಇಲ್ಲಿನ ತಾಯಂದಿರು ಅವರನ್ನು 'ಬೀಗದಕೈ' ಎನ್ನುತ್ತಾರೆ. ಮಗುವಿನ ರಕ್ತ ತೆಗೆದು, ಅದರಲ್ಲಿರುವ ಕ್ರಿಮಿಯನ್ನು ಬೆಳೆಸಿ, ಅದು ಯಾವ ಮದ್ದಿಗೆ ಸಾಯುತ್ತದೆ ಎಂದು ನೋಡಿ, ಅದಕ್ಕೆ ಬೇಕಾದಷ್ಟನ್ನೇ ಕೊಡಿಸುತ್ತಾರೆ. ನಾನೂ ಅತ್ತು ಕೇಳಿದೆ. ಅದಕ್ಕೆ ಅವರು, "ಆ ದೊಡ್ಡ ಮದ್ದು, ಕೊಲಿಸ್ಟಿನ್ ಅನ್ನೋದು, ನಮ್ಮ ಹತ್ರ ಇರೋ ಕೊನೇ ಕೋಲು. ನಾಯಿಗೆ ಬೀಸಿ ಮುರ್ಕೊಂಡ್ರೆ ಹುಲಿ ಬಂದಾಗ ಏನ್ ಮಾಡ್ಲಿ?" ಎಂದರು.

ಮತ್ತೊಂದು ವಿಷಯ. ನಮ್ಮ ಮನೆಯಲ್ಲಿ ಕೋಳಿಗಳಿಗೆ ನೀರಿನಲ್ಲಿ ಏನೇನು ಹಾಕುತ್ತೀರಿ ಎಂದು ಕೇಳಿದರು. ನನಗೆ ಗೊತ್ತಿಲ್ಲ, ಅತ್ತೆಯವರನ್ನು ಕೇಳುತ್ತೇನೆ ಎಂದೆ. ದಯವಿಟ್ಟು ಬರೆಯಿರಿ.

ನಿಮ್ಮ ಸೊಸೆ


ಜೂನ್ ೧೧

ಸೊಸೆಗೆ,

ಮಗು ಗಂಜಿ ಕುಡಿದದ್ದು ಓದಿ ನಕ್ಕೆ. ಕೊನೆಯ ಸಾಲು ಓದಿ ನಗು ನಿಂತಿತು.

ಕೋಳಿಗೆ ಏನು ಹಾಕುತ್ತೀರಿ ಎಂದು ಕೇಳಿದಳೇ? ಮೊಟ್ಟೆ ವಾಪಸು ಕಳಿಸಿದ್ದು ಏಕೆಂದು ಈಗ ಗೊತ್ತಾಯಿತು. ಕೋಳಿ ಸಾಕುವವರು ಗಲೀಜು, ರೋಗ ಅವರ ಮನೆಯಿಂದ ಬರುತ್ತದೆ ಎಂದು ತಾನೇ ಅವಳ ಮಾತಿನ ಅರ್ಥ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜಾತಿ. ಮದ್ದು ಕೊಡದ ತಪ್ಪು ತನ್ನದು, ಬರೆ ನಮ್ಮ ಕೋಳಿಗೆ. ಜ್ವರ ತಾನಾಗಿ ಇಳಿದದ್ದು ನಮ್ಮ ಪುಣ್ಯ, ಅವಳ ಜಾಣತನವಲ್ಲ.

ಸಂಘದವರನ್ನು ಮನೆಗೆ ಕರೆಸಿ ದೂರು ಬರೆದೆ. ಎಲ್ಲರೂ ಸಹಿ ಹಾಕಿದ್ದಾರೆ. ಸಾಹುಕಾರನೇ ಅದನ್ನು ಆಸ್ಪತ್ರೆಯ ಮುಖ್ಯಸ್ಥರ ಕೈಗೆ ಕೊಡುತ್ತಾನೆ. ಸಾಯುವ ಮಗುವಿಗೆ ಮದ್ದು ಬಚ್ಚಿಟ್ಟವಳು ಎಂದು ಬರೆದಿದ್ದೇನೆ. ವಿಚಾರಣೆಯಾಗಲಿ, ನಿಂತು ಉತ್ತರ ಹೇಳಲಿ.

ಇನ್ನು ಆ ಕೊಲಿಸ್ಟಿನ್. ಪುಡಿ ಮಾರಲು ಬರುತ್ತಾನಲ್ಲ ಬ್ಯಾಗಿನವನು, ನನ್ನನ್ನು ಅಮ್ಮ ಅಮ್ಮ ಎನ್ನುತ್ತಾನಲ್ಲ, ಅವನಿಗೆ ನಿನ್ನ ಕಾಗದ ತೋರಿಸಿದೆ. ಅವನು ಬಿದ್ದು ಬಿದ್ದು ನಕ್ಕ. "ಅಮ್ಮಾ, ಅದು ನಿಮ್ಮ ಮನೇಲೇ ಇದೆಯಲ್ಲ" ಎಂದು ಹಳದಿ ಡಬ್ಬವನ್ನು ತಿರುಗಿಸಿ ತೋರಿಸಿದ. ಕೆಳಗೆ ಇರುವೆ ಅಕ್ಷರದಲ್ಲಿ ಅದೇ ಹೆಸರು. ಮರಿಗಳು ಸಾಯದಿರಲಿ, ಮೈ ಕೂಡಲಿ ಎಂದು ದಿನಾ ತೊಟ್ಟಿಯ ನೀರಿಗೆ ಎರಡೆರಡು ಚಮಚ ಕಲಸುತ್ತೇವಲ್ಲ, ಅದು ಇದೇ. ಅವಳು ಬೀಗ ಹಾಕಿ ಇಟ್ಟುಕೊಂಡದ್ದನ್ನು ನನ್ನ ಕೋಳಿಗಳು ವರ್ಷಗಟ್ಟಲೆ ಕುಡಿಯುತ್ತಿವೆ!

ಲಾರಿಯಲ್ಲಿ ಒಂದು ಡಬ್ಬ ಕಳಿಸಿದ್ದೇನೆ. ಅವಳ ಮೇಜಿನ ಮೇಲೆ ಇಡು. 'ನಿಮಗೆ ಕೊರತೆಯಾದರೆ ನಮ್ಮ ಅತ್ತೆಯನ್ನು ಕೇಳಿ, ಬೇಕಾದಷ್ಟು ಕೊಡುತ್ತಾರೆ' ಎಂದು ಹೇಳು. ಇದೇ ಮಾತು, ಒಂದಕ್ಷರ ಕಡಿಮೆಯಾಗಬಾರದು.

ನಿನ್ನ ಅತ್ತೆ


ಜೂನ್ ೨೧

ಅತ್ತೆಯವರಿಗೆ,

ಎರಡು ಲಾರಿಗಳನ್ನು ಬರಿಗೈಯಲ್ಲಿ ಕಳಿಸಿದೆ. ಬರೆಯಲು ಕೂರುವ ಸ್ಥಿತಿ ಇರಲಿಲ್ಲ.

ನೀವು ಹೇಳಿದ ಹಾಗೆಯೇ ಮಾಡಿದೆ. ಮದುವೆಯಾಗಿ ಬಂದಂದಿನಿಂದ ನಿಮ್ಮ ಮಾತು ಮೀರಿದವಳಲ್ಲ. ಡಬ್ಬವನ್ನು ಅವರ ಮೇಜಿನ ಮೇಲೆ ಇಟ್ಟು, ನೀವು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಹೇಳುವಾಗ ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಅವರು ಸಿಟ್ಟಾಗಲಿಲ್ಲ. ಡಬ್ಬ ತಿರುಗಿಸಿ ಓದಿದರು. ಎದ್ದು ಹೋಗಿ ಕೈ ತೊಳೆದು ಬಂದರು. "ಮಗು ಶೆಡ್ಡಿಗೆ ಹೋಗ್ತಿತ್ತಾ?" ಎಂದು ಕೇಳಿದರು. ಹೋಗುತ್ತಿತ್ತು ಎಂದೆ. ಸಂಜೆ ಸ್ಕೂಲಿನಿಂದ ಬಂದವಳು ಚೀಲ ಎಸೆದು ಎರಡನೇ ಶೆಡ್ಡಿಗೆ ಓಡುತ್ತಿದ್ದಳು, ಮರಿಗಳನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು, ಬಾಯಾರಿದರೆ ಆ ತೊಟ್ಟಿಯ ನಲ್ಲಿಗೇ ಬಾಯಿ ಇಡುತ್ತಿದ್ದಳು. 'ನನ್ನ ಕಸುಬು ಕಲಿಯುತ್ತಿದ್ದಾಳೆ' ಎಂದು ನೀವು ಎಲ್ಲರಿಗೂ ಹೇಳುತ್ತಿದ್ದಿರಿ.

ಮೊದಲ ಕಾಗದದಲ್ಲಿ ನಿಮಗೆ ಒಂದು ಮಾತು ಮುಚ್ಚಿಟ್ಟಿದ್ದೆ. ಮೆಣಸನ್ನು ಇಲ್ಲಿಗೆ ಸೇರಿಸಿದ ದಿನವೇ ಅವಳ ಮಲದ ಪರೀಕ್ಷೆ ಮಾಡಿದ್ದರು. ಹೊಟ್ಟೆಯಲ್ಲಿ ಒಂದು ಕ್ರಿಮಿ ಇತ್ತು, ಅದು ಕೊಲಿಸ್ಟಿನ್‌ಗೆ ಸಾಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹತ್ತಿದ್ದಲ್ಲ, ಹೊರಗಿನಿಂದಲೇ ತಂದದ್ದು. ಅದಕ್ಕಾಗಿಯೇ ಅವರು ಕೋಳಿಯ ಮಾತು ಕೇಳಿದ್ದು. ನೀವು ನೊಂದುಕೊಳ್ಳುತ್ತೀರಿ ಎಂದು ನಾನು ಬರೆಯಲಿಲ್ಲ.

ಅವರು ಹೇಳಿದ್ದು ಇಷ್ಟು: ದಿನಾ ಚೂರುಚೂರು ಮದ್ದು ನೀರಿನಲ್ಲಿ ಬೆರೆತರೆ ಬಡಪಾಯಿ ಕ್ರಿಮಿಗಳು ಸಾಯುತ್ತವೆ, ಗಟ್ಟಿ ಕ್ರಿಮಿಗಳು ಉಳಿದು ಸಂಸಾರ ಬೆಳೆಸುತ್ತವೆ. ಗಟ್ಟಿಮುಟ್ಟಾದವರ ಹೊಟ್ಟೆಯಲ್ಲಿ ಅವು ಸುಮ್ಮನೆ ಇರುತ್ತವೆ. ಬಿಳಿ ಕಣಗಳಿಲ್ಲದ ಮಗುವಿನಲ್ಲಿ ಕರುಳು ದಾಟಿ ರಕ್ತಕ್ಕೆ ಇಳಿಯುತ್ತವೆ.

ಇಳಿದಿವೆ. ಹದಿನೈದನೇ ತಾರೀಕಿನಿಂದ ಮತ್ತೆ ಜ್ವರ. ರಕ್ತದಲ್ಲಿ ಅದೇ ಕ್ರಿಮಿ. ಕೊನೆಯ ಕೋಲು ಎಂದರಲ್ಲ, ಅದು ನಮ್ಮ ಮಗುವಿನ ಪಾಲಿಗೆ ಮೊದಲೇ ಮುರಿದಿತ್ತು. ಜ್ವರ ಏರಿದ ಆ ದಿನ ಬೀಗದಕೈ ಡಾಕ್ಟರು ವಾರ್ಡಿನಲ್ಲಿ ಇರಲಿಲ್ಲ. ನಿಮ್ಮ ದೂರಿಗೆ ಉತ್ತರ ಹೇಳಲು ಆಡಳಿತದವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಅವರಿಗೆ ನಮ್ಮ ಮೂರೂ ಶೆಡ್ಡುಗಳ ಹಿಕ್ಕೆ ಮತ್ತು ತೊಟ್ಟಿಯ ನೀರು ಬೇಕು. ಹಿಕ್ಕೆಯ ಕ್ರಿಮಿಯನ್ನು ಬೆಳೆಸಿ ನೋಡಿದರೆ ಯಾವ ಮದ್ದು ಇನ್ನೂ ನಾಟುತ್ತದೆ ಎಂಬ ಅಂದಾಜಿಗೂ ಸಹಾಯವಂತೆ. ಮುಂದಿನ ಲಾರಿಯಲ್ಲಿ ಕಳಿಸಿ.

ಸೊಸೆ


ಜೂನ್ ೨೪

ಸೊಸೆಗೆ,

ಒಂದು ಚಮಚ ಹಿಕ್ಕೆಯೂ ಇಲ್ಲಿಂದ ಹೋಗುವುದಿಲ್ಲ.

ನೀನು ಕೇಳುತ್ತಿರುವುದು ಏನೆಂದು ನಿನಗೆ ಗೊತ್ತಿದೆಯೇ? ಅಧ್ಯಕ್ಷೆಯ ಶೆಡ್ಡಿನಲ್ಲಿ ಇಂಥ ಕ್ರಿಮಿ ಇದೆ ಎಂದು ಒಂದು ಆಸ್ಪತ್ರೆಯ ಚೀಟಿ ಬಂದರೆ ನಾಳೆ ನಮ್ಮ ಮೊಟ್ಟೆಯನ್ನು ನಾಯಿಯೂ ಮೂಸುವುದಿಲ್ಲ. ನನ್ನದು ಮಾತ್ರವಲ್ಲ, ಸಂಘದ ಪ್ರತಿಯೊಂದು ಮನೆಯದೂ. ಎಲ್ಲರೂ ಹಾಕುವ ಪುಡಿ ಅದು. ಎಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ, ಓಡಾಡಿಕೊಂಡಿದ್ದಾರೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಬಂತು ಎಂದುಕೊಂಡೆಯಾ? ಈ ಮನೆಗೆ ಬಂದ ದಿನ ಮೂಗು ಮುಚ್ಚಿಕೊಂಡು ಶೆಡ್ಡಿನ ಮುಂದೆ ನಿಂತಿದ್ದೆ ನೀನು. ಇಷ್ಟು ವರ್ಷ ನುಂಗಿಕೊಂಡದ್ದನ್ನು ಈಗ ಮಗುವಿನ ಹಾಸಿಗೆಯ ಮರೆಯಲ್ಲಿ ನಿಂತು ಉಗುಳುತ್ತಿದ್ದೀಯ. ಅವಳು ವಿಷ ತುಂಬುತ್ತಾಳೆ, ನೀನು ಹಂಡೆ ಹಿಡಿಯುತ್ತೀಯ.

ನನ್ನ ಮಗ ನಿನ್ನ ಕಾಗದ ಓದಿದ. ಇದೇ ಲಾರಿ ಹತ್ತಿ ಅಲ್ಲಿಗೆ ಬರುತ್ತಿದ್ದಾನೆ. ನನ್ನನ್ನು ಕೇಳಲಿಲ್ಲ. ಮೊದಲ ಸಲ.

ಮಗು ಹೇಗಿದೆ?

ಅತ್ತೆ


ಜೂನ್ ೨೭

ಅತ್ತೆಗೆ,

ಮಗುವಿನ ಸುದ್ದಿ ಕೇಳಿದ್ದೀರಿ. ಹಿಕ್ಕೆ ಬರುವವರೆಗೆ ಹೇಳುವುದಿಲ್ಲ. ನಿಮ್ಮ ಮಗನೂ ಹೇಳುವುದಿಲ್ಲ. ಆಸ್ಪತ್ರೆಯವರು ತಂದೆತಾಯಿಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ.

ಬೀಗ ಹಾಕಿ ಇಟ್ಟುಕೊಂಡಿದ್ದಾಳೆ ಎಂದು ಆ ಡಾಕ್ಟರನ್ನು ಬೈದಿರಿ. ನಿಜವಾದ ಬೀಗ ಹೇಗಿರುತ್ತದೆ ಎಂದು ಈಗ ನೋಡಿ.


ಜುಲೈ ೩

ಸೊಸೆಗೆ,

ಎಂಥ ಹಾವಿಗೆ ಹಾಲೆರೆದೆ ನಾನು. ನಿನ್ನ ನಾಲ್ಕು ಸಾಲನ್ನು ಓದಿ ಒಲೆಗೆ ಹಾಕಿದೆ. ಹಾಕಿದ ಮೇಲೂ ಬಾಯಿಪಾಠ ಉಳಿದಿದೆ.

ನೀನು ಎಷ್ಟು ದಿನ ಹಠ ಹಿಡಿಯುತ್ತೀಯ ನೋಡುತ್ತೇನೆ. ಈ ಮನೆ ನನ್ನದು, ಈ ಶೆಡ್ಡುಗಳು ನನ್ನವು, ನಾಳೆ ನೀವು ಮೂವರೂ ಈ ಬಾಗಿಲಿಗೇ ಬರಬೇಕು.

ಡ್ರೈವರ್ ಬಂದ. ಕಾಗದವಿಲ್ಲ ಎಂದು ಕೈ ಅಲ್ಲಾಡಿಸಿದ. ಸೊಸೆಯ ಮುಖ ಹೇಗಿತ್ತಪ್ಪಾ ಎಂದು ಕೇಳಿದೆ. ಆಸ್ಪತ್ರೆಯ ಮಾಸ್ಕು ಕಟ್ಟಿಕೊಂಡಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು ಎಂದ. ಕಣ್ಣು ಹೇಗಿತ್ತು ಎಂದೆ. ಗಾಡಿ ಹಿಂದಕ್ಕೆ ತೆಗೆಯುತ್ತಿದ್ದೆ, ನೋಡಲಿಲ್ಲ ಎಂದ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದೆ. ಆಮೇಲೆ ಕಾಗದ ತರುವವರು ಯಾರು ಎಂದು ನೆನಪಾಗಿ ಕೂಗಿ ಕರೆಸಿದೆ.

ಆಸ್ಪತ್ರೆಗೆ ಫೋನ್ ಮಾಡಿದೆ. ಒಂದು ಹುಡುಗಿ ಎತ್ತಿದಳು. "ನೀವು ಮಗುವಿಗೆ ಏನಾಗಬೇಕು?" ಎಂದಳು. ಅಜ್ಜಿ ಎಂದೆ. "ಅಜ್ಜಿಗೆ ಹೇಳೋ ಹಾಗಿಲ್ಲಮ್ಮ" ಎಂದಳು. ನನಗೆ ಹಾಗೆ ಹೇಳಿದವರು ಇದುವರೆಗೆ ಹುಟ್ಟಿರಲಿಲ್ಲ.


ಜುಲೈ ೯

ಸೊಸೆಗೆ,

ಮೂರು ಶೆಡ್ಡಿನ ಹಿಕ್ಕೆ ಮೂರು ಡಬ್ಬಿಗಳಲ್ಲಿದೆ. ಮುಚ್ಚಳದ ಮೇಲೆ ಶೆಡ್ಡಿನ ಸಂಖ್ಯೆ ಬರೆದಿದ್ದೇನೆ. ತೊಟ್ಟಿಯ ನೀರು ಬಾಟಲಿಯಲ್ಲಿದೆ. ಆಳುಗಳಿಗೆ ಹೇಳಲಿಲ್ಲ, ನಾನೇ ಬಗ್ಗಿ ತುಂಬಿದ್ದು. ಐಸು ಹಾಕಿದ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದ್ದೇನೆ, ಮೊಟ್ಟೆಯ ಜೊತೆಯಲ್ಲಲ್ಲ.

ಇದರಿಂದ ನಾನು ಒಪ್ಪಿಕೊಂಡೆ ಎಂದು ತಿಳಿಯಬೇಡ. ಏನೂ ಸಿಗುವುದಿಲ್ಲ. ಸಿಗದೆ ಹೋದಾಗ ಆ ಡಾಕ್ಟರು ನನ್ನ ಮುಂದೆ ಬಂದು ನಿಲ್ಲಬೇಕು.

ಈಗ ನಿನ್ನ ಮಾತು ನೀನು ಉಳಿಸಿಕೋ. ಉದ್ದ ಬರೆಯಬೇಡ. ಮಗು ಇದ್ದಾಳೆಯೇ ಇಲ್ಲವೇ, ಅಷ್ಟು ಬರೆ.


ಜುಲೈ ೧೮

ಅತ್ತೆಗೆ,

ಇದ್ದಾಳೆ.

ಮಾತು ಉಳಿಸಿಕೊಂಡಿದ್ದೇನೆ. ಈ ಒಂದು ಪದವನ್ನು ಮೊದಲು ಬರೆದು, ನೀವು ಓದಿ ಕೂತುಕೊಳ್ಳಲಿ ಎಂದು ಸಾಲು ಬಿಟ್ಟಿದ್ದೇನೆ. ಉಳಿದದ್ದನ್ನು ಕೂತು ಓದಿ.

ನೀವು ಸುದ್ದಿಯಿಲ್ಲದೆ ಕಳೆದ ದಿನಗಳಲ್ಲಿ ಅವಳು ತೀವ್ರ ನಿಗಾ ಘಟಕದಲ್ಲಿದ್ದಳು. ಒಂದು ದಿನ ನನ್ನ ಗುರುತು ಸಿಗಲಿಲ್ಲ, ನನ್ನನ್ನು ಅಜ್ಜಿ ಎಂದು ಕರೆದಳು. ಅದನ್ನು ಬರೆಯಬಹುದಿತ್ತು, ಬರೆಯಲಿಲ್ಲ. ನಿಮ್ಮ ಮೇಲಿನ ಸಿಟ್ಟಿಗೆ ನಾನು ಮಾಡಿದ್ದು ಅದೊಂದೇ, ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಬೀಗದಕೈ ಡಾಕ್ಟರು ಹಿಕ್ಕೆಗೆ ಕಾಯುತ್ತ ಕೂರಲಿಲ್ಲ. ಯಾರೂ ಈಗ ಅಷ್ಟಾಗಿ ಬಳಸದ ಒಂದು ಹಳೆಯ ಮದ್ದು ಆ ಕ್ರಿಮಿಗೆ ಇನ್ನೂ ನಾಟುತ್ತದೆ ಎಂದು ರಕ್ತದ ಪರೀಕ್ಷೆಯಲ್ಲಿ ಕಂಡಿತು. ಅದರ ಜೊತೆಗೆ ಇನ್ನೊಂದನ್ನು ಸೇರಿಸಿ ಕೊಟ್ಟರು. ಆ ಹಳೆಯ ಮದ್ದಿಗೆ ಒಂದು ಕೆಟ್ಟ ಗುಣವಿದೆ, ಕಿವಿಯನ್ನು ತಿನ್ನುತ್ತದೆ. ಕೊಡುವ ಮೊದಲು ನಮ್ಮಿಬ್ಬರನ್ನೂ ಕೂರಿಸಿ, "ಜೀವ ಉಳಿದ್ರೆ ಕಿವಿ ಹೋಗಬಹುದು. ಹೇಳಿ" ಎಂದರು. ನಿಮ್ಮ ಮಗ ಕೊಡಿ ಎಂದರು. ಅವಳದೇ ಬಿಳಿ ಕಣಗಳು ಮತ್ತೆ ಹುಟ್ಟುವವರೆಗೆ ಆ ಮದ್ದು ಬಾಗಿಲು ಹಿಡಿದುಕೊಂಡು ನಿಂತಿತು.

ಜ್ವರ ಹೋಗಿದೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ. ಕೇಳಿಸದೆ ಜೋರಾಗಿ ಮಾತಾಡುತ್ತಾಳೆ. "ಎಲ್ಲಾರೂ ಯಾಕೆ ಗುಟ್ಟು ಮಾತಾಡ್ತೀರಾ?" ಎಂದು ನರ್ಸುಗಳನ್ನು ಗದರುತ್ತಾಳೆ. ಕ್ಯಾನ್ಸರಿನ ಮುಂದಿನ ಸುತ್ತಿನ ಮದ್ದು ತಡವಾಗಿದೆ. ತಡವಾದದ್ದರಿಂದ ಏನಾಗುತ್ತದೆ ಎಂದು ಯಾರೂ ಹೇಳುತ್ತಿಲ್ಲ, ನಾವೂ ಕೇಳುತ್ತಿಲ್ಲ.

ಎರಡನೇ ಶೆಡ್ಡಿನ ಹಿಕ್ಕೆಯಲ್ಲಿ ಅದೇ ಕ್ರಿಮಿ ಸಿಕ್ಕಿತು. ಕೋಳಿಯಿಂದ ಮಗುವಿಗೆ ಬಂತೋ, ಇಬ್ಬರಿಗೂ ಆ ನೀರಿನಿಂದಲೇ ಬಂತೋ, ಆಣೆ ಮಾಡಿ ಹೇಳಲಾರೆ ಎಂದರು ಡಾಕ್ಟರು. ಅವರು ಆಣೆ ಮಾಡುವುದಿಲ್ಲ. ನಾನು ಮಾಡುತ್ತೇನೆ.

ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಗುತ್ತದೆ ಎಂದುಕೊಂಡ ಮುದುಕಿಯ ಕತೆಯನ್ನು ಮೆಣಸಿಗೆ ಹೇಳಿ ನಗಿಸುತ್ತಿದ್ದವರು ನೀವೇ. ಆ ಮುದುಕಿಯಿಂದ ಊರಿಗೆ ಕೆಡುಕೇನೂ ಆಗಲಿಲ್ಲ.

ನಿಮ್ಮ ದೂರಿನ ವಿಚಾರಣೆ ಇನ್ನೂ ಮುಗಿದಿಲ್ಲ. ಅದರ ಬಗ್ಗೆ ಡಾಕ್ಟರು ಒಂದೇ ಮಾತು ಆಡಿದರು: "ನಿಮ್ಮತ್ತೆ ದೂರು ಚೆನ್ನಾಗಿ ಬರೀತಾರೆ. ಇಷ್ಟೇ ಗಟ್ಟಿಯಾಗಿ ಆ ಪುಡಿ ಮಾರೋರ ಮೇಲೂ ಒಂದು ಬರೀಬಹುದಿತ್ತು."

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿದ್ದೇವೆ. ನಿಮ್ಮ ಮಗ ಇಲ್ಲಿಯೇ ಲಾರಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾರೆ. ಮೆಣಸು ಇನ್ನು ನಿಮ್ಮ ಮನೆಗೆ ಬರುವುದಿಲ್ಲ. ನೀವು ಇಲ್ಲಿಗೆ ಬರಬಹುದೋ ಇಲ್ಲವೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಸೊಸೆ


ಜುಲೈ ೩೦

ಸೊಸೆಗೆ,

ನಿನ್ನ ಕಾಗದ ಕೂತೇ ಓದಿದೆ.

ಕಳೆದ ಭಾನುವಾರ ಸಂಘದ ಸಭೆ ನಮ್ಮ ಅಂಗಳದಲ್ಲಿ ಕರೆದೆ. ಬ್ಯಾಗಿನವನಿಗೂ ಹೇಳಿ ಕಳಿಸಿದ್ದೆ, ದೊಡ್ಡ ಆರ್ಡರ್ ಇದೆ ಎಂದು. ಹೊಸ ಶರ್ಟು ಹಾಕಿಕೊಂಡು ಬಂದ. ಎಲ್ಲರ ಎದುರಿಗೆ ಒಂದು ಲೋಟ ನೀರಿಗೆ ಹಳದಿ ಡಬ್ಬದ ಪುಡಿ ಕಲಸಿ ಅವನ ಮುಂದೆ ಇಟ್ಟು, ಕುಡಿ ಎಂದೆ. ಅವನು ನಕ್ಕ. ನಾನು ನಗಲಿಲ್ಲ ಎಂದು ಕಂಡ ಮೇಲೆ ನಿಲ್ಲಿಸಿದ.

"ಅಮ್ಮಾ, ಇದು ಕೋಳಿಗೆ ಅಲ್ವಾ," ಎಂದ.

"ಕೋಳಿ ಯಾರಿಗಪ್ಪಾ?" ಎಂದೆ.

ಅವನು ಸಂಘದವರ ಮುಖ ನೋಡಿದ. ಅವರು ನೆಲ ನೋಡಿದರು. ಇದೇ ಹೆಸರಿನ ಮದ್ದಿಗಾಗಿ ನನ್ನ ಮೊಮ್ಮಗಳು ಆಸ್ಪತ್ರೆಯಲ್ಲಿ ಕಾದಿದ್ದಳು ಎಂದು ಹೇಳಿದೆ. ಅದು ಅವಳಿಗೆ ಏಕೆ ನಾಟಲಿಲ್ಲ ಎಂದೂ ಹೇಳಿದೆ. ಲೋಟ ಹಾಗೆಯೇ ಇತ್ತು. ಅವನು ಬ್ಯಾಗು ಬಿಟ್ಟು ಓಡಿದ. ಆ ಬ್ಯಾಗಿನಲ್ಲಿ ಅವನು ಯಾರ್ಯಾರಿಗೆ ಮಾರುತ್ತಾನೆ, ಯಾರು ಅವನಿಗೆ ಸರಬರಾಜು ಮಾಡುತ್ತಾರೆ ಎಂಬುದೆಲ್ಲ ಇತ್ತು. ಪಶು ಇಲಾಖೆಯ ಕಚೇರಿಗೆ ಅದನ್ನು ನಾನೇ ಹೊತ್ತುಕೊಂಡು ಹೋದೆ. ದೂರಿನಲ್ಲಿ ಪುಡಿ ಹಾಕುವ ಪ್ರತಿಯೊಂದು ಶೆಡ್ಡನ್ನೂ ಬರೆದೆ. ಮೊದಲು ನನ್ನದನ್ನೇ ಬರೆದೆ. ಕೋಳಿಗೆ ಹಾಕಬಾರದೆಂದು ಸರ್ಕಾರವೇ ನಿಷೇಧಿಸಿದ ಪುಡಿಯಂತೆ ಅದು, ಅವನ ಗೋದಾಮಿಗೆ ಈಗ ಸರ್ಕಾರದ ಬೀಗ ಬಿದ್ದಿದೆ. ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದು ಮಣ್ಣು ತೂರಿ ಹೋದಳು. ತೂರಲಿ, ಗುಡಿಸುವವಳು ನಾನೇ.

ಉಪಾಧ್ಯಕ್ಷ ಎದ್ದು ನಿಂತು, "ನಿಮ್ಮೊಬ್ಬ ಮೊಮ್ಮಗಳಿಗೋಸ್ಕರ ನಮ್ಮೆಲ್ಲರ ಮನೆ ಮುಳುಗಿಸಿದ್ರಲ್ಲ," ಎಂದ. ಹೌದು, ಮುಳುಗಿಸಿದೆ ಎಂದೆ. ಗೊತ್ತಿದ್ದೂ ಮುಚ್ಚಿಕೊಂಡು ಮೊಟ್ಟೆ ಮಾರುವವನ ಮನೆ ತೇಲಬಾರದು. ನನ್ನನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ಸಾಹುಕಾರ ಮೊಟ್ಟೆ ಬೇಡ ಎಂದಿದ್ದಾನೆ, ಪುಡಿಯ ವಿಷಯ ಗೊತ್ತಿದ್ದೂ ಮೊಟ್ಟೆ ಕೊಂಡು ಮಾರಿದ ಅವನ ಹೊಲಸು ವ್ಯಾಪಾರವೆಲ್ಲ ಆ ದೂರಿನ ಇನ್ನೊಂದು ಹಾಳೆಯಲ್ಲಿದೆ. ತೊಟ್ಟಿ ಒಡೆಸಿದೆ. ಎರಡನೇ ಶೆಡ್ಡು ಖಾಲಿ ಮಾಡಿಸಿ ಸುಣ್ಣ ಹೊಡೆಸಿದೆ. ಪುಡಿಯಿಲ್ಲದೆ ಮರಿಗಳು ಸಾಯುತ್ತಿವೆ. ಸಾಯುವಂಥವು ಸಾಯಲಿ, ಬದುಕುವಂಥವನ್ನು ಸಾಕುತ್ತೇನೆ.

ಆಸ್ಪತ್ರೆಯ ಮುಖ್ಯಸ್ಥರಿಗೆ ಎರಡನೆಯ ಕಾಗದ ಬರೆದಿದ್ದೇನೆ. ಮೊದಲನೆಯದರಲ್ಲಿ ಬರೆದದ್ದು ಸುಳ್ಳು, ಅದನ್ನು ಹರಿದು ಹಾಕಿ ಎಂದು. ಈ ಸಲ ಸಹಿ ನನ್ನದೊಂದೇ. ಆ ಡಾಕ್ಟರಿಗೆ ನಾನು ನಮಸ್ಕಾರ ಹೇಳಿ ಕಳಿಸುವುದಿಲ್ಲ. ನನ್ನ ಕಾಗದ ಸಾಕು, ಅವರು ಮಾತು ಕಡಿಮೆಯವರು ಎಂದಿದ್ದೀಯಲ್ಲ.

ಜ್ವರದಲ್ಲಿ ಮಗು ಅಜ್ಜಿ ಎಂದದ್ದನ್ನು ನೀನು ತಡೆದಿಟ್ಟೆ. ನಿನ್ನ ಜಾಗದಲ್ಲಿದ್ದರೆ ನಾನೂ ತಡೆದಿಡುತ್ತಿದ್ದೆ. ಅದನ್ನು ನಿನ್ನಿಂದ ನಿರೀಕ್ಷಿಸಿರಲಿಲ್ಲ. ಇಷ್ಟು ವರ್ಷ ನಿನ್ನನ್ನು ಸಾಧು ಎಂದುಕೊಂಡಿದ್ದೆ.

ನನ್ನವರಿಗೆ ಕೆಡುಕು ಮಾಡಿದವರನ್ನು ನಾನು ಇದುವರೆಗೆ ಬಿಟ್ಟವಳಲ್ಲ. ಪುಡಿ ಮಾರಿದವನನ್ನು ಬಿಡಲಿಲ್ಲ. ಅವನ ಬೆನ್ನಿಗೆ ನಿಂತವರನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಆ ತೊಟ್ಟಿಯ ಪಕ್ಕದಲ್ಲಿ ನಿಂತು, ಇನ್ನೊಂದು ಚಮಚ ಹಾಕು ಎಂದವಳು ಒಬ್ಬಳು ಉಳಿದಿದ್ದಾಳೆ. ಅವಳ ಮೇಲೆ ಮಾತ್ರ ನನ್ನ ಕೈ ಏಳುತ್ತಿಲ್ಲ.

ಅವಳನ್ನು ನಿನಗೆ ಬಿಟ್ಟಿದ್ದೇನೆ.